ಹುಲ್ಲಿಗೂ ರಜೆ ಬೇಕು

ಹುಲ್ಲನ್ನು ನಾನು ಕಂಡದ್ದಕ್ಕಿಂತ ಓದಿದ್ದೇ ಹೆಚ್ಚು. ಹಾರೋಹಳ್ಳಿಯ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಕನ್ನಡ ಪಾಠ ಮಾಡಿದವನು ನಾನು. ತೃಣಮಾತ್ರ, ತೃಣೀಕರಿಸು, ಹುಲುಮಾನವ ಎಂದು ಬೋರ್ಡಿನ ಮೇಲೆ ಬರೆದು, ಯಾರನ್ನಾದರೂ ಕೀಳಾಗಿ ಕಾಣಬೇಕಾದಾಗಲೆಲ್ಲ ನಮ್ಮ ಭಾಷೆ ಹುಲ್ಲಿನ ಕಡೆಗೇ ಕೈ ತೋರಿಸುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಯುದ್ಧದಲ್ಲಿ ಸೋತ ರಾಜ ಗೆದ್ದವನ ಮುಂದೆ ಬಾಯಲ್ಲಿ ಹುಲ್ಲು ಕಚ್ಚಿ ನಿಲ್ಲುತ್ತಿದ್ದನಂತೆ. ಲಂಚ ತಿನ್ನುವವನನ್ನು ಕಂಡರೆ ‘ಚೆನ್ನಾಗಿ ಮೇಯ್ತಾನೆ’ ಅನ್ನುತ್ತೇವೆ. ಹುಲ್ಲಿಗೂ ಮರ್ಯಾದೆ ಇಲ್ಲ, ಅದನ್ನು ಮೇಯುವವರಿಗೂ ಇಲ್ಲ. ಇಷ್ಟೆಲ್ಲ ವ್ಯಾಖ್ಯಾನ ಮಾಡುವ ನನಗೆ ಹುಲ್ಲು ಹೇಗೆ ಬೆಳೆಯುತ್ತದೆ ಎಂದು ಯಾರಾದರೂ ಕೇಳಿದ್ದರೆ ‘ಮಳೆ ಬಂದರೆ ಬೆಳೆಯುತ್ತದೆ’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಗೊತ್ತಿರಲಿಲ್ಲ. ಅದೂ ತಪ್ಪು ಉತ್ತರವೆಂದು ತಿಳಿದದ್ದು ನನ್ನ ಹೆಂಡತಿಯ ಹೊಲದಲ್ಲಿ.

ನನ್ನ ಹೆಂಡತಿ ಜಯಮ್ಮ ಮರಳವಾಡಿ ಕಡೆಯ ರೈತರ ಮನೆಯ ಮಗಳು. ನಮ್ಮ ಮಾವ ತೀರಿಕೊಂಡ ಮೇಲೆ ಅವಳ ಅಣ್ಣ ತಿಮ್ಮೇಗೌಡರು, ಯಾರೂ ಕೇಳದೆಯೇ, ಮನೆಗೆ ಬಂದು ಕಾಫಿ ಕುಡಿಯುತ್ತ, “ಇಳಿಜಾರಿನ ಹೊಲ ನಿಂಗೆ ಕಣವ್ವ. ಚಿಕ್ಕೋಳಿದ್ದಾಗ ಕರ ಮೇಯ್ಸಕ್ಕೆ ಅಲ್ಲಿಗೇ ಓಡ್ತಿದ್ದೆ” ಎಂದು ಹೇಳಿ ಹೋದರು. ಅಂಥ ಮನುಷ್ಯ. ಆದರೆ ಆ ಹೊಲದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ನೆಲ ಎಷ್ಟು ಗಟ್ಟಿಯೆಂದರೆ, ಕೆಳಗೆ ಬಿದ್ದ ಹುಣಸೆಹಣ್ಣು ಪುಟಿಯುತ್ತಿತ್ತು. ಮಳೆ ಬಂದರೆ ನೀರು ಒಳಗಿಳಿಯುವ ಯೋಚನೆಯನ್ನೇ ಮಾಡದೆ ಇಳಿಜಾರಿನಲ್ಲಿ ಜಾರಿಕೊಂಡು ರಸ್ತೆ ಸೇರುತ್ತಿತ್ತು. ಅಲ್ಲೊಂದು ಇಲ್ಲೊಂದು ಅಂಚಿಕಡ್ಡಿ ಹುಲ್ಲಿನ ಬುಡ, ಬದುವಿನಲ್ಲಿ ಲಂಟಾನ, ಮಿಕ್ಕಂತೆ ಬೋಳು. ನಾನು ಮೊದಲ ಸಲ ನೋಡಿದಾಗ ವಾಲಿಬಾಲ್ ಕೋರ್ಟು ಮಾಡಬಹುದು ಅಂದುಕೊಂಡಿದ್ದೆ. ಜಯಮ್ಮನಿಗೆ ಅದು ತವರಿನ ಅಂಗಳ.

ಅದು ಹಾರೋಹಳ್ಳಿಯ ಸುತ್ತ ಕಾರ್ಖಾನೆಗಳು ಎದ್ದು ನಿಲ್ಲುತ್ತಿದ್ದ ಕಾಲ. ಬೆಂಗಳೂರು ಗ್ರಾಮಾಂತರದವರಾಗಿದ್ದ ನಾವು ರಾಮನಗರ ಜಿಲ್ಲೆಯವರಾಗುವ ಹೊತ್ತು. ಬೆಳಿಗ್ಗೆ ಸ್ಕೂಟರಿನಲ್ಲಿ ಹೋದ ದಾರಿಗೆ ಸಂಜೆ ಒಂದು ಕಾಂಪೌಂಡು ಹುಟ್ಟಿರುತ್ತಿತ್ತು. ನನ್ನ ಕ್ಲಾಸಿನಲ್ಲಿ ಸಂಧಿ ಸಮಾಸಗಳ ಜೊತೆ ಜಗಳವಾಡಿ ಹೋದ ಹುಡುಗರು ನೀಲಿ ಅಂಗಿ ತೊಟ್ಟು, ಟಿಫನ್ ಬಾಕ್ಸ್ ಹಿಡಿದು, ಕಂಪನಿ ಬಸ್ಸಿಗೆ ಕಾಯುತ್ತ “ನಮಸ್ಕಾರ ಸಾರ್” ಎನ್ನುತ್ತಿದ್ದರು. ಅವರ ಮುಖದ ಮೇಲಿನ ಖುಷಿಯನ್ನು ನಾನು ಅಲ್ಲಗಳೆಯಲಾರೆ; ತಿಂಗಳು ತಿಂಗಳು ಸಂಬಳ ಬರುವುದರ ಸುಖ ಮೇಷ್ಟ್ರಾದ ನನಗೆ ಗೊತ್ತಿಲ್ಲವೆ? ಆದರೆ ಆ ಕಾಂಪೌಂಡುಗಳಿಂದ ನಿಜವಾಗಿ ದಿಕ್ಕುಗೆಟ್ಟವು ಕುರಿಗಳು. ತಲೆತಲಾಂತರದಿಂದ ನಡೆದ ಜಾಡು ಹಿಡಿದು ಬಂದ ಕುರಿಮಂದೆ ಗೋಡೆಯ ಮುಂದೆ ನಿಂತು, ಪಾಠ ಮರೆತ ಹುಡುಗನಂತೆ ಪಿಳಿಪಿಳಿ ನೋಡುವುದನ್ನು ನಾನೇ ಕಂಡಿದ್ದೇನೆ.

ಆ ಕುರಿಗಳು ಸಿದ್ದಣ್ಣನವು. ಜಯಮ್ಮನ ತವರಿನ ಊರಿನವನೇ; ಒಂದಿಷ್ಟು ರಾಗಿ ಹೊಲ, ಮಿಕ್ಕಿದ್ದೆಲ್ಲ ಕುರಿ. ಹೆಂಡತಿ ಚಿಕ್ಕತಾಯಮ್ಮ ಅವನಿಗಿಂತ ಗಟ್ಟಿ. ಮೇಯಿಸಲು ಜಾಗವಿಲ್ಲದಂತಾದಾಗ ಸಿದ್ದಣ್ಣ ಕುರಿಗಳನ್ನು ಹೆಂಡತಿಗೆ ವಹಿಸಿ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿದ. ಕುರಿಗಳನ್ನು ಹಬ್ಬದ ಹೊತ್ತಿಗೆ ಮಾರಿಬಿಡುವುದೆಂದೂ ತೀರ್ಮಾನವಾಗಿತ್ತು. ಖಾಕಿ ಅಂಗಿ, ಟೋಪಿ, ಬೆಲ್ಟು, ಕೊರಳಿಗೆ ಒಂದು ವಿಷಲ್. ಅವನ ಕೆಲಸ ಲಾರಿ ಬಂದರೆ ಗೇಟು ತೆಗೆಯುವುದು, ಹೋದರೆ ಹಾಕುವುದು. ಗೇಟಿನ ಒಳಗೆ ಆಫೀಸಿನ ಮುಂದೆ ನೀರು ಹಾಯಿಸಿ ಬೆಳೆಸಿದ ಹಸಿರು ಹುಲ್ಲುಹಾಸು. ವಾರಕ್ಕೊಮ್ಮೆ ಮಿಷನ್ನಿನಲ್ಲಿ ಕತ್ತರಿಸಿ, ಚೀಲಕ್ಕೆ ತುಂಬಿ, ಆಚೆ ಎಸೆಯುತ್ತಿದ್ದರಂತೆ. “ಅದ ನೋಡ್ತಾ ಕುಂತ್ರೆ ನನ್ ಹೊಟ್ಟೇನೇ ಯಾರೋ ಕತ್ತರ್ಸಿದಂಗೆ ಆಗೋದು ಸಾ” ಎಂದು ಸಿದ್ದಣ್ಣ ನನಗೆ ಆಮೇಲೆ ಹೇಳಿದ.

ಒಂದು ದಿನ ಚಿಕ್ಕತಾಯಮ್ಮ ಕುರಿ ಹೊಡೆದುಕೊಂಡು ಅದೇ ರಸ್ತೆಯಲ್ಲಿ ಬಂದಳು. ಅದೇ ಹೊತ್ತಿಗೆ ಲಾರಿಯೊಂದು ಬಂತು. ಸಿದ್ದಣ್ಣ ಗೇಟು ತೆಗೆದು, ನಿಯಮದ ಪ್ರಕಾರ, ವಿಷಲ್ ಊದಿದ. ಹುಟ್ಟಿದಾರಭ್ಯ ಆ ಬಾಯಿಯ ಸಿಳ್ಳೆಗೆ ಓಡಿ ಬಂದು ರೂಢಿಯಾದ ಕುರಿಗಳಿಗೆ ಲಾರಿಗೂ ತಮಗೂ ವ್ಯತ್ಯಾಸ ಗೊತ್ತಾಗುವುದು ಹೇಗೆ? ಮುಂದಾಳು ಕುರಿಯೊಂದು ನುಗ್ಗಿತು, ಹಿಂದೆ ಇಡೀ ಮಂದೆ ನುಗ್ಗಿತು. ಹುಲ್ಲುಹಾಸು ಕಂಡದ್ದೇ ತಲೆ ತಗ್ಗಿಸಿ ಶುರು ಹಚ್ಚಿಕೊಂಡವು. ಚಿಕ್ಕತಾಯಮ್ಮ ಗೇಟಿನಲ್ಲಿ ನಿಂತು, “ಊದ್ಬ್ಯಾಡ ಕಣೋ, ಊದ್ಬ್ಯಾಡ!” ಎಂದು ಕೂಗುತ್ತಿದ್ದರೆ ಸಿದ್ದಣ್ಣ ಒಳಗೋಡಿ ಅವುಗಳನ್ನು ಅಟ್ಟಲು ಇನ್ನಷ್ಟು ಊದುತ್ತಿದ್ದ, ಅವು ಇನ್ನಷ್ಟು ಒಳಗೆ ಬರುತ್ತಿದ್ದವು. ಮ್ಯಾನೇಜರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು.

“ಯಾರದ್ರೀ ಈ ಕುರಿ?”

ಸಿದ್ದಣ್ಣ ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು, “ನಮ್ಮವೇ ಸಾ” ಎಂದ.

ಮ್ಯಾನೇಜರು ಒಳ್ಳೆಯವರು. ಕೆಲಸ ಹೋಯಿತು, ಆದರೆ ಅಂಗಿ ಅವನಲ್ಲೇ ಉಳಿಯಿತು.

ಜಯಮ್ಮ ತವರಿಗೆ ಹೋಗಿ ಬರುವಾಗ ಖಾಕಿ ತೊಟ್ಟು ಕುರಿ ಮೇಯಿಸುತ್ತಿದ್ದ ಸಿದ್ದಣ್ಣನನ್ನು ಕಂಡು, ಪೊಲೀಸರೇ ಕುರಿ ಸಾಕಲು ಶುರುಮಾಡಿದರೇ ಎಂದು ಬಸ್ಸಿನಿಂದ ಕತ್ತು ಹೊರಗೆ ಹಾಕಿದಳಂತೆ. ಮುಂದಿನ ಸ್ಟಾಪಿನಲ್ಲೇ ಇಳಿದು ಅವನ ಕಥೆ ಕೇಳಿಕೊಂಡು, ನಕ್ಕು ನಕ್ಕು, ಮನೆಗೆ ಬಂದು ನನಗೆ ಹೇಳುವಾಗ ಮಾತ್ರ ಕೊನೆಗೆ ನಗಲಿಲ್ಲ. “ಚಿಕ್ತಾಯಿ ಕುರಿ ಮಾರಲ್ಲ ಅಂತ ಹಟ ಹಿಡಿದವ್ಳೆ. ಅವ್ಳ ಕಣ್ಣಲ್ಲಿ ನೀರು ನೋಡಕ್ಕಾಗ್ಲಿಲ್ಲ ನಂಗೆ” ಎಂದಳು.

ಈಗ ನನ್ನ ಪಾತ್ರ ಬರುತ್ತದೆ. ಅದು ದೊಡ್ಡ ಪಾತ್ರವೇನಲ್ಲ. ಆ ವಾರ ನಾನು ಕ್ಷೌರದಂಗಡಿಯಲ್ಲಿ ಕುಳಿತಿದ್ದೆ. ತಲೆಯ ಮೇಲೆ ಮೇಯಲು ಏನೂ ಉಳಿದಿರದಿದ್ದರೂ ತಿಂಗಳಿಗೊಮ್ಮೆ ಹೋಗುವ ಅಭ್ಯಾಸ. ಅಲ್ಲಿ ಮುಖಪುಟ ಹರಿದುಹೋದ ಕೃಷಿ ಪತ್ರಿಕೆಯೊಂದು ಬಿದ್ದಿತ್ತು. ಅದರಲ್ಲಿ ಹೀಗೆ ಬರೆದಿತ್ತು: ದನ ಕುರಿಗಳನ್ನು ಇಡೀ ಹೊಲಕ್ಕೆ ಬಿಟ್ಟು ದಿನವೂ ಮೇಯಿಸಿದರೆ ನೆಲ ಬೋಳಾಗುತ್ತದೆ. ಬದಲಿಗೆ ಹೊಲವನ್ನು ತುಂಡು ಮಾಡಿಕೊಂಡು, ಒಂದು ತುಂಡಿನಲ್ಲಿ ಒತ್ತಾಗಿ ಸ್ವಲ್ಪ ಹೊತ್ತು ಮೇಯಿಸಿ, ಮುಂದಿನ ತುಂಡಿಗೆ ಹೊಡೆದು, ಮೇದ ತುಂಡಿಗೆ ಮತ್ತೆ ಬೆಳೆಯುವವರೆಗೂ ರಜೆ ಕೊಡಬೇಕು. ಹುಲ್ಲು ಗಾಳಿಯಲ್ಲಿರುವ ಇಂಗಾಲವನ್ನು ಹೀರಿ, ಬಿಸಿಲಿನಲ್ಲಿ ಬೇಯಿಸಿ, ಬೇರಿಗೆ ಕಳಿಸುತ್ತದೆ. ಬೇರು ಸತ್ತು ಹುಟ್ಟಿ, ಹುಟ್ಟಿ ಸತ್ತು, ಆ ಇಂಗಾಲವನ್ನು ಮಣ್ಣಿಗೆ ಬಿಡುತ್ತದೆ. ಮಣ್ಣು ಕಪ್ಪಾಗುತ್ತದೆ, ಮೆತ್ತಗಾಗುತ್ತದೆ, ನೀರು ಕುಡಿಯುತ್ತದೆ.

ನನ್ನ ಮನಸ್ಸು ವಿಜ್ಞಾನವನ್ನು ಬಿಟ್ಟು ಪದದ ಹಿಂದೆ ಓಡಿತು. ಇಂಗಾಲ! ನೆಲದಲ್ಲಿ ಇಂಗುವುದರಿಂದ ಇಂಗಾಲವೇ ಇರಬೇಕು, ಎಷ್ಟು ಸೊಗಸು ಎಂದು ಅರ್ಧ ಕ್ಷೌರದಲ್ಲೇ ಪುಳಕಗೊಂಡೆ. ಮನೆಗೆ ಬಂದು ನಿಘಂಟು ತೆಗೆದರೆ ಅದು ಇಂಗಳದಿಂದ, ಎಂದರೆ ಕೆಂಡದಿಂದ ಬಂದ ಪದ. ಇಂಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮೇಷ್ಟ್ರುಗಳ ಆನಂದ ಬಹುಮಟ್ಟಿಗೆ ಹೀಗೆಯೇ ನಿಘಂಟಿನಲ್ಲಿ ಮುಗಿಯುತ್ತದೆ. ಆದರೂ ಊಟಕ್ಕೆ ಕುಳಿತಾಗ ಜಯಮ್ಮನಿಗೆ ಎಲ್ಲವನ್ನೂ ಹೇಳಿದೆ.

ಮುದ್ದೆ ಬಡಿಸುತ್ತಿದ್ದವಳು ಕೈ ನಿಲ್ಲಿಸಿ, “ಅಂದ್ರೆ ಗಾಳೀಲಿರೋ ಮಸೀನ ಹುಲ್ಲು ಎಳ್ದು ನೆಲಕ್ಕೆ ಹಾಕ್ತದೆ ಅನ್ನಿ” ಎಂದಳು.

“ಹೆಚ್ಚೂ ಕಮ್ಮಿ ಹಾಗೇ.”

“ನಿಮ್ಮ ಸ್ಕೂಟ್ರು ಬುಡೋ ಹೊಗೇನೂ?”

“ಅದನ್ನೂ.”

“ಹಂಗಾದ್ರೆ ತುಂಬ ಹುಲ್ಲು ಬೇಕಾಯ್ತದೆ” ಎಂದು ಸಾರು ಹಾಕಿದಳು. ಮಾರನೆಯ ದಿನ ಬೆಳಿಗ್ಗೆ ಸೀರೆ ಬದಲಿಸಿ ಸಿದ್ಧವಾಗಿ ನಿಂತಿದ್ದಳು. “ಸಿದ್ದಣ್ಣನ ಕುರಿ ನಮ್ಮ ಹೊಲಕ್ಕೆ. ಹುಲ್ಲು ಅವ್ನಿಗೆ, ಗೊಬ್ರ ನಮಗೆ. ನಡೀರಿ.”

ನಾನು ಬಹಳ ಉತ್ಸಾಹದಿಂದ ಶಾಲೆಯ ಆಟದ ಮೈದಾನಕ್ಕೆ ಗೆರೆ ಎಳೆಯುವಂತೆ ಸುಣ್ಣದ ಪುಡಿಯಿಂದ ಹೊಲವನ್ನು ಚೌಕ ಚೌಕವಾಗಿ ಭಾಗಿಸಿದೆ. ಖೋಖೋ ಆಡುವವರಾದರೆ ಗೆರೆ ದಾಟುತ್ತಿರಲಿಲ್ಲ. ಕುರಿಗಳು ಮಾತ್ರ ಮೊದಲ ಚೌಕವನ್ನು ಮೂಸಿ, ಗೆರೆ ದಾಟಿ, ನೇರ ಹೊಲದ ಆ ತುದಿಗೆ ಹೋಗಿ ನಿಂತವು. ಒಂದು ಮರಿ ಸುಣ್ಣ ನೆಕ್ಕಿ ಸೀನಿತು. ಚಿಕ್ಕತಾಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಬೇಲಿಗೆ ಉಪಾಯ ಹುಡುಕಿದವಳು ಜಯಮ್ಮ. ನಮ್ಮ ಕಡೆ ರೇಷ್ಮೆ ಸಾಕದ ಮನೆ ಕಡಿಮೆ. ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ, ಬಾಗಿಲಿನಷ್ಟು ದೊಡ್ಡದಾದ ತಟ್ಟಿಗೆ ಚಂದ್ರಿಕೆ ಎನ್ನುತ್ತೇವೆ. ಆಗ ತಾನೇ ಪ್ಲಾಸ್ಟಿಕ್ಕಿನವು ಬಂದು, ಹಳೆಯ ಬಿದಿರಿನ ಚಂದ್ರಿಕೆಗಳು ಎಲ್ಲರ ಮನೆಯ ಹಿಂದೂ ಒರಗಿಕೊಂಡು ಮುರಿದು ಬೀಳುತ್ತಿದ್ದವು. ಜಯಮ್ಮ ಮನೆಮನೆಗೆ ಹೋಗಿ ಕೇಳಿ ತಂದಳು. ಅವನ್ನು ಒಂದಕ್ಕೊಂದು ಕಟ್ಟಿ, ಗೂಟಕ್ಕೆ ಬಿಗಿದು ನಿಲ್ಲಿಸಿದರೆ ಎತ್ತಿ ಒಯ್ಯಬಹುದಾದ ಬೇಲಿ ಸಿದ್ಧ. ಬೆಳಗಿನ ಎಳೆಬಿಸಿಲಿನಲ್ಲಿ ಆ ಸುರುಳಿ ಸುರುಳಿ ಬಿದಿರಿನ ನೆರಳು ಕುರಿಗಳ ಬೆನ್ನ ಮೇಲೆ ಬಿದ್ದು, ಪ್ರತಿಯೊಂದು ಕುರಿಗೂ ಯಾರೋ ರಂಗೋಲಿ ಬಿಟ್ಟಂತೆ ಕಾಣುತ್ತಿತ್ತು. ನಾನು ಆ ದಿನ ಸ್ಕೂಲಿಗೆ ತಡವಾಗಿ ಹೋದೆ.

ಜಗಳ ಶುರುವಾದದ್ದು ಆ ಮಳೆಗಾಲದಲ್ಲಿ, ಒಂದಿಷ್ಟು ಹುಲ್ಲು ಚಿಗುರಿದ ಮೇಲೆ. ಒಂದು ತುಂಡಿನಲ್ಲಿ ಇನ್ನೂ ಹುಲ್ಲು ಇರುವಾಗಲೇ ಕುರಿಗಳನ್ನು ಎಬ್ಬಿಸಬೇಕೆಂದರೆ ಸಿದ್ದಣ್ಣನಿಗೆ ತಡೆಯಲಾಗುತ್ತಿರಲಿಲ್ಲ.

“ಉಣ್ಣೋವ್ರ ಎಲೆ ಎತ್ತಿದಂಗೆ ಆಯ್ತದಲ್ಲ ಜಯಕ್ಕ. ಪಾಪ, ಇನ್ನೂ ಐತೆ ಹುಲ್ಲು.”

“ಒಸಿ ಉಳೀಲಿ ಬುಡು ಸಿದ್ದಣ್ಣ. ಪೂರಾ ಬೋಳಿಸ್ಬುಟ್ರೆ ಮತ್ತೆ ಬೆಳ್ಯಕ್ಕೆ ಅದ್ಕೆ ಎಲೆ ಎಲ್ಲೈತೆ? ಉಸುರು ಬುಡ್ಬೇಕಲ್ಲ ಅದೂನೂ.”

“ಹುಲ್ಲಿಗೆಂಥ ಉಸುರಕ್ಕ!”

“ನಿಂಗೆ ಭಾನುವಾರ ಗೇಟ್ನಾಗೆ ರಜೆ ಕೊಡ್ತಿರ್ಲಿಲ್ವಾ? ಹಂಗೇ ಇದೂ.”

ವಾಚ್‌ಮನ್ ಕೆಲಸದ ನೆನಪು ತೆಗೆದರೆ ಸಿದ್ದಣ್ಣ ಬೇಲಿಯ ಗೂಟ ಕೀಳಲು ಹೋಗುತ್ತಿದ್ದ. ಆದರೆ ಅವನೂ ನಮಗೆ ಹೇಳಿಕೊಟ್ಟದ್ದುಂಟು. ಪತ್ರಿಕೆಯಲ್ಲಿ ಇಲ್ಲದ ಒಂದು ಮಾತನ್ನು ಅವನು ಹೇಳಿದ: ನೆಲ ತೀರ ಗಟ್ಟಿಯಾಗಿರುವ ಕಡೆ ರಾಗಿ ಹುಲ್ಲಿನ ಕಸ ಹರಡಿ ರಾತ್ರಿ ಮಂದೆ ಅಲ್ಲೇ ಮಲಗಿಸಿದರೆ, ಗೊರಸು ಮೇಲಿನ ಗಟ್ಟಿ ಪದರವನ್ನು ಒಡೆದು, ಕಸ ಗೊಬ್ಬರ ಗಂಜಲ ಎಲ್ಲವನ್ನೂ ಮಣ್ಣಿಗೆ ತುಳಿಯುತ್ತದೆ. ಅವನಿಗೆ ಇಂಗಾಲ ಗೊತ್ತಿರಲಿಲ್ಲ, ನಮಗೆ ಗೊರಸು ಗೊತ್ತಿರಲಿಲ್ಲ. ಹೀಗೆ ಜಗಳ ಆಡುತ್ತಾ ಆಡುತ್ತಾ ಯಾರ ಮಾತು ಯಾರದೆಂದು ಮರೆತೇಹೋಯಿತು.

ತಿಮ್ಮೇಗೌಡ ಭಾವ ದೂರದಿಂದ ಇದನ್ನೆಲ್ಲ ನೋಡುತ್ತಿದ್ದರು. ಜಯಮ್ಮನ ಹೊಲದ ಮಗ್ಗುಲಿಗೇ ಅವರ ಹೊಲ. ಅವರಿಗೆ ತಮ್ಮ ಟ್ರ್ಯಾಕ್ಟರ್ ಮೇಲೆ ಇದ್ದ ಪ್ರೀತಿ ಬಹಳ. ಉತ್ತ ನೆಲ ಕಂಡರೆ ಬಾಚಿದ ತಲೆ ಕಂಡಷ್ಟು ಸಮಾಧಾನ. ಅದರ ಮುಂದಿನ ಬೇಸಿಗೆಯಲ್ಲಿ ಗೋಡೌನು ಕಟ್ಟುವವರೊಬ್ಬರು ಅವರ ಹೊಲವನ್ನು ಕೇಳಿಕೊಂಡು ಬಂದರು. ರಸ್ತೆಗೆ ತಾಕುವ ಜಾಗದಲ್ಲಿ ಹೆಚ್ಚಿನ ಪಾಲು ಜಯಮ್ಮನದು, ಹಾಗಾಗಿ ಎರಡೂ ಬೇಕು ಅಂದರು. ಭಾವ ತಂಗಿಗೆ ಮೋಸ ಮಾಡುವವರಲ್ಲ. ಮನೆಗೆ ಬಂದು, “ಕನಕಪುರದ ಕಡೆ ನೀರಾವರಿ ಜಮೀನು ಕೊಡುಸ್ತೀನಿ ಕಣವ್ವ. ಈ ಬೋಳು ನೆಲ ಇಟ್ಕೊಂಡು ಏನ್ ಮಾಡ್ತೀಯ? ಹುಲ್ಲೂ ಹುಟ್ಟಕಿಲ್ಲ ಅಲ್ಲಿ” ಎಂದರು.

ಜಯಮ್ಮ ಯೋಚಿಸಿ ಹೇಳುತ್ತೇನೆಂದಳು. ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಅಣ್ಣನ ಮಾತು ಮೀರಿದವಳಲ್ಲ ಅವಳು. ಹೊಲವನ್ನು ಬಿಟ್ಟುಕೊಡುವವಳೂ ಅಲ್ಲ. ಮೊದಲ ಮಳೆಗಾಲದಲ್ಲಿ ಸ್ವಲ್ಪ ಹಸಿರಾಗಿದ್ದ ಹೊಲ ಬೇಸಿಗೆಗೆ ಮತ್ತೆ ಕಂದಿ, ಹೇಳಿಕೊಳ್ಳುವಂಥದ್ದೇನೂ ಕಾಣುತ್ತಿರಲಿಲ್ಲ. ನಾನೂ ಪತ್ರಿಕೆಯವರ ಮೇಲೆ ಒಳಗೊಳಗೇ ಸಿಟ್ಟಾಗಿದ್ದೆ. ಕಾರ್ಖಾನೆಯ ಕಾಂಪೌಂಡುಗಳು ಎರಡೂ ಕಡೆಯಿಂದ ನಮ್ಮತ್ತ ನಡೆದು ಬರುತ್ತಿರುವಂತೆ ಅನ್ನಿಸುತ್ತಿತ್ತು. ಈ ಹೊಲವೂ ಹೋದರೆ ಸಿದ್ದಣ್ಣನಿಗೆ ಮತ್ತೆ ಗೇಟೇ ಗತಿ.

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಒಂದು ಭಾನುವಾರ ನಾವು ಹೊಲದ ಹತ್ತಿರ ಹೋದರೆ ಟ್ರ್ಯಾಕ್ಟರಿನ ಸದ್ದು. ಭಾವ ತಮ್ಮ ಹೊಲ ಉತ್ತು ಮುಗಿಸಿ, ನಮಗೆ ಉಪಕಾರ ಮಾಡೋಣವೆಂದು ಬದು ದಾಟಿ ಜಯಮ್ಮನ ಹೊಲಕ್ಕೆ ಮುಂದಿನ ಚಕ್ರ ಇಳಿಸಿದ್ದರು. ಜಯಮ್ಮ ಓಡಿದಳು. ನಲವತ್ತು ದಾಟಿದ ಹೆಂಗಸು ಸೀರೆ ಎತ್ತಿಕಟ್ಟಿ ಹಾಗೆ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತುಬಿಟ್ಟಳು.

“ಅಣ್ಣ, ಇಳಿ ಕೆಳಕ್ಕೆ.”

“ಒಂದೇ ಸಾಲು ಹೊಡೀತೀನಿ ಕಣವ್ವ. ನೆಲ ಸಡ್ಲ ಆಯ್ತದೆ.”

“ಬ್ಯಾಡ. ನೆಲದೊಳಗೆ ಬೇರು ಈಗ ತಾನೇ ಹೆಣ್ಕೊಂತಾ ಅವೆ. ನೀ ಬಗ್ದುಬುಟ್ರೆ ಒಳಗೆ ಸೇರಿದ್ದೆಲ್ಲ ಮತ್ತೆ ಗಾಳಿಗೆ ಹೋಯ್ತದೆ.”

“ಏನು ಸೇರೈತವ್ವಾ ಒಳಗೆ? ನಿಧೀನಾ?”

“ಹ್ಞೂ, ನಿಧೀನೇ ಅನ್ಕೋ.”

ಭಾವ ಟ್ರ್ಯಾಕ್ಟರ್ ಆಫ್ ಮಾಡಿ, ನನ್ನ ಕಡೆ ತಿರುಗಿ, “ಮೇಷ್ಟ್ರೇ, ಏನೇನು ತಲೇಗೆ ತುಂಬಿದೀರಾ ನಮ್ಮ ಹುಡ್ಗಿಗೆ?” ಎಂದರು. ನಾನು ಇಂಗಾಲದ ಬಗ್ಗೆ ಬಾಯಿ ತೆಗೆಯುವಷ್ಟರಲ್ಲಿ ಜಯಮ್ಮನೇ ಹೇಳಿದಳು:

“ಅಣ್ಣ, ನೀನು ಹುಲ್ಲೂ ಹುಟ್ಟಕಿಲ್ಲ ಅಂದೆ. ಈ ಮಳೆಗಾಲ ಕಳೀಲಿ. ಹುಟ್ಟದೆ ಹೋದ್ರೆ ನೀ ಎಲ್ಲಿ ಹೇಳ್ತೀಯೋ ಅಲ್ಲಿ ಸೈನ್ ಹಾಕ್ತೀನಿ. ಹುಟ್ಟಿದ್ರೆ?”

ಭಾವ ಮತ್ತೆ ಕೀ ತಿರುಗಿಸಿದರು. “ಹುಟ್ಟಿದ್ರೆ ನಾನು ಇನ್ನೊಂದ್ಸಲ ಆ ಮಾತೆತ್ತಕಿಲ್ಲ ಬುಡು” ಎಂದು ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದುಕೊಂಡರು.

ಅಂದಿನಿಂದ ನಾನು ಹುಲ್ಲನ್ನು ಓದುವುದನ್ನು ಬಿಟ್ಟು ನೋಡತೊಡಗಿದೆ. ಸ್ಕೂಲು ಮುಗಿಸಿ ಸ್ಕೂಟರ್ ಹತ್ತಿ ನೇರ ಹೊಲಕ್ಕೆ. ಗರಿಕೆ ಮೊದಲು ಬಂತು; ಗಣಪತಿಗೆ ಏರಿಸುವುದನ್ನು ಬಿಟ್ಟು ಬೇರೆಲ್ಲೂ ಅದನ್ನು ನಾನು ಗಮನಿಸಿದವನಲ್ಲ. ಗಿಣ್ಣು ಗಿಣ್ಣಿಗೆ ಬೇರು ಊರಿ, ನೆಲದ ಮೇಲೆ ಕೈಕೈ ಹಿಡಿದು ಹೋಗುವ ಅದರ ಚೆಂದವೇ ಬೇರೆ. ಅದರ ಹಿಂದೆ ನನಗೆ ಹೆಸರು ಗೊತ್ತಿಲ್ಲದ ಹುಲ್ಲುಗಳು ಬಂದವು. ಸಿದ್ದಣ್ಣ ಕೆಲವಕ್ಕೆ ಹೆಸರು ಹೇಳಿದ, ಮಿಕ್ಕವಕ್ಕೆ “ಇವೆಲ್ಲ ನಮ್ಮಪ್ಪನ ಕಾಲ್ದಾಗಿದ್ವು ಸಾ” ಎಂದು ಸುಮ್ಮನೆ ಸವರಿದ. ಕುರಿಗಳು ಬೆಳಿಗ್ಗೆ ಒಂದು ತುಂಡು, ಸಂಜೆಗೆ ಇನ್ನೊಂದು ಎಂದು ಚಂದ್ರಿಕೆಯ ಬೇಲಿಯೊಳಗೆ ಸರಿಯುತ್ತಾ ಹೋದವು. ಹಿಂದೆ ಬಿಟ್ಟ ತುಂಡುಗಳು ರಜೆಯ ಮೇಲಿದ್ದವು. ರಜೆಯಲ್ಲಿ ಮಕ್ಕಳು ಬೆಳೆಯುವಂತೆ ಅವು ಬೆಳೆದವು: ನೋಡುತ್ತಿರುವಾಗ ಗೊತ್ತಾಗುವುದಿಲ್ಲ, ನಾಲ್ಕು ದಿನ ಬಿಟ್ಟು ಹೋದರೆ ಗುರುತೇ ಸಿಗುವುದಿಲ್ಲ.

ಆಮೇಲೆ ಆ ದೊಡ್ಡ ಮಳೆ ಬಂತು. ಸಂಜೆ ಹಿಡಿದದ್ದು ಬೆಳಗಿನವರೆಗೂ ಬಿಡದೆ ಸುರಿಯಿತು. ಬೆಳಕು ಹರಿಯುತ್ತಲೇ ನಾನೂ ಜಯಮ್ಮನೂ ಮೊದಲ ಬಸ್ಸಿಗೆ ಹೋಗಿ ಇಳಿದು, ಒಂದೇ ಕೊಡೆಯಲ್ಲಿ ಹೊಲದ ಕಡೆ ನಡೆದೆವು. ಕುರಿಮಂದೆ ಏನಾಯಿತೋ ಎಂದು ನನಗೆ ಭಯ. ಹೊಲ ಏನಾಯಿತೋ ಎಂದು ಅವಳಿಗೆ. ಕುರಿಗಳನ್ನು ಚಿಕ್ಕತಾಯಮ್ಮ ಮುಂಚೆಯೇ ಕೊಟ್ಟಿಗೆ ಸೇರಿಸಿದ್ದಳು. ಹೊಲದ ಹತ್ತಿರ ರಸ್ತೆಯ ಮೇಲೆ ಕೆಂಪು ಕೆಸರು ಪಾದ ಮುಳುಗುವಷ್ಟು ಹರಡಿತ್ತು. ಅದರ ನಡುವೆ ಪಂಚೆ ಮೇಲಕ್ಕೆ ಕಟ್ಟಿಕೊಂಡು ತಿಮ್ಮೇಗೌಡ ಭಾವ ನಿಂತಿದ್ದರು. ಅವರ ಉತ್ತ ಹೊಲದ ಮೇಲ್ಮಣ್ಣು ಸಾಲು ಸಾಲಾಗಿ ಕೊಚ್ಚಿಕೊಂಡು ರಸ್ತೆಗೆ ಬಂದಿತ್ತು. ಬಿತ್ತಿದ ರಾಗಿಯ ಎಳೆ ಪೈರು ಆ ಕೆಸರಿನಲ್ಲಿ ತಲೆಕೆಳಗಾಗಿ ಬಿದ್ದಿತ್ತು.

ಬದುವಿನ ಈಚೆ ಜಯಮ್ಮನ ಹೊಲದಲ್ಲಿ ಹುಲ್ಲು ನೆನೆದು ಬಾಗಿತ್ತು, ಅಷ್ಟೆ. ಇಳಿಜಾರಿನ ಕೆಳತುದಿಯಲ್ಲಿ ಸಣ್ಣದೊಂದು ನೀರಿನ ಎಳೆ ಹೊರಬರುತ್ತಿತ್ತು. ತಿಳಿಯಾದ ನೀರು, ತಳದ ಕಲ್ಲು ಕಾಣುವಂಥದ್ದು. ಭಾವ ಅದನ್ನು ನೋಡಿದರು. ನಮ್ಮ ಹೊಲದೊಳಕ್ಕೆ ನಡೆದರು. ಕೈಯಲ್ಲಿದ್ದ ಮಡಿಸಿದ ಕೊಡೆಯ ತುದಿಯನ್ನು ನೆಲಕ್ಕೆ ಊರಿದರು. ಅದು ಸುಮ್ಮನೆ ಇಳಿಯಿತು. ಇನ್ನೊಂದು ಕಡೆ ಊರಿದರು, ಅಲ್ಲೂ ಇಳಿಯಿತು. ಕೂತು ಒಂದು ಹಿಡಿ ಮಣ್ಣು ಬಗೆದರು. ಮೇಲೆ ಒಂದು ಪದರ ಕಪ್ಪಗೆ, ಕೆಳಗೆ ನಮ್ಮ ಕಡೆಯ ಎಂದಿನ ಕೆಂಪು. ಆ ಕಪ್ಪಿನೊಳಗೆ ಬೇರು ನೂಲಿನಂತೆ ಹೆಣೆದುಕೊಂಡು, ನಡುವೆ ಎರೆಹುಳುವೊಂದು ನಿದ್ದೆಗೆಡಿಸಿದ್ದಕ್ಕೆ ಬೇಸರಪಟ್ಟು ಹೊರಳಿತು. ಅವರು ಮಣ್ಣನ್ನು ಮೂಗಿಗೆ ಹಿಡಿದರು.

ಈಗ ಜಯಮ್ಮ ಏನಾದರೂ ಹೇಳುತ್ತಾಳೆ ಎಂದು ನಾನು ಕಾದೆ. ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ, ನಾಲ್ಕು ಉದಾಹರಣೆ ಸಮೇತ. ಅವಳು ಸೀದಾ ಸಿದ್ದಣ್ಣನ ಕೊಟ್ಟಿಗೆಗೆ ಹೋಗಿ ಮಂಕರಿ ಸಲಿಕೆ ತಂದಳು. ರಸ್ತೆಯ ಮೇಲೆ ಬಿದ್ದಿದ್ದ ಅಣ್ಣನ ಮಣ್ಣನ್ನು ಮಂಕರಿಗೆ ತುಂಬಿಕೊಂಡು ಹೋಗಿ ಅವರ ಹೊಲಕ್ಕೇ ಸುರಿದಳು. ಮತ್ತೊಂದು ಮಂಕರಿ. ಸಿದ್ದಣ್ಣ, ಚಿಕ್ಕತಾಯಮ್ಮ ಬಂದು ಕೈ ಹಾಕಿದರು. ನಾನೂ ಪ್ಯಾಂಟು ಮಡಿಚಿದೆ. ಭಾವ ಬಂದು ತಂಗಿಯ ಕೈಯಿಂದ ಮಂಕರಿ ಕಿತ್ತುಕೊಂಡರು.

“ಬುಡು, ನಾನು ಹೊರ್ತೀನಿ. ಸೊಂಟ ಹಿಡ್ಕೊಂಡಾತು.”

“ನಿಂಗಿಂತ ಚಿಕ್ಕೋಳು ಕಣಣ್ಣ ನಾನು.”

“ಗೊತ್ತು ಬುಡವ್ವಾ” ಎಂದು ತಲೆಯ ಮೇಲೆ ಇಟ್ಟುಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು, ಕೆಸರು ಇಳಿಯುತ್ತಿದ್ದ ಮುಖದಲ್ಲೇ ಕೇಳಿದರು: “ಲೇ ಸಿದ್ದ, ಈ ಮಣ್ಣು ಸುರ್ದು ಹುಲ್ಲು ಬೀಜ ಎರಚಿದ್ರೆ, ನಿನ್ ಕುರಿ ನಮ್ಮ ಹೊಲಕ್ಕೂ ಬತ್ತವೇನ್ಲಾ?”

ಸಿದ್ದಣ್ಣ ಸಲಿಕೆ ಊರಿ ನಿಂತು, “ಅವ್ಕೆ ಮುಂದಾಳು ಜಯಕ್ಕ. ಅಕ್ಕಂಗೆ ಕೇಳಿ ಗೌಡ್ರೇ” ಎಂದ. ಜಯಮ್ಮ ನಕ್ಕಳು. ಭಾವನಿಗೂ ನಗು ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಕಂಪನಿ ಬಸ್ಸು ನಿಧಾನ ಮಾಡಿ, ಒಳಗಿದ್ದ ನನ್ನ ಹಳೆಯ ಶಿಷ್ಯರು ಕೆಸರಿನಲ್ಲಿ ಮುಳುಗಿದ್ದ ಮೇಷ್ಟ್ರಿಗೆ ಕಿಟಕಿಯಿಂದ ನಮಸ್ಕಾರ ಮಾಡಿದರು. ಮಂಕರಿ ಹಿಡಿದ ಕೈಯಲ್ಲಿ ನಮಸ್ಕಾರ ತಿರುಗಿ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಹಾಗೆ ಎರಡು ಹೊಲ ಒಂದು ಮಂದೆಯ ಪಾಲಾಯಿತು. ಮರುವರ್ಷದ ಮಳೆಗೆ ಭಾವನ ಇಳಿಜಾರೂ ಹಸಿರಾಯಿತು. ರಾಗಿಯನ್ನು ಅವರು ಕೆಳಗಿನ ಸಮತಟ್ಟು ಜಾಗಕ್ಕೆ ಇಟ್ಟುಕೊಂಡರು. ಚಿಕ್ಕತಾಯಮ್ಮ ಕುರಿ ಮಾರುವ ಮಾತನ್ನು ಯಾರೂ ಎತ್ತದಂತೆ ಇನ್ನಷ್ಟು ಕುರಿ ಮಾಡಿಕೊಂಡಳು. ನಮ್ಮ ನೆಲ ಎಷ್ಟು ಇಂಗಾಲವನ್ನು ಬಚ್ಚಿಟ್ಟುಕೊಂಡಿತು ಎಂದು ನನ್ನನ್ನು ಕೇಳಬೇಡಿ. ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಸುತ್ತ ಎದ್ದ ಚಿಮಣಿಗಳ ಮುಂದೆ, ನನ್ನದೇ ಸ್ಕೂಟರಿನ ಮುಂದೆ ಕೂಡ, ಅದು ಬಹಳ ಸಣ್ಣ ಸಂಗತಿಯೇ ಇರಬೇಕು. ಕಣ್ಣಿಗೆ ಕಾಣದಂತೆ ಕೆಲಸ ಮಾಡುವವರ ಲೆಕ್ಕ ಯಾವಾಗಲೂ ಕಷ್ಟ. ಆದರೆ ನೆಲ ಒಳಗೆ ತುಂಬಿಕೊಂಡರೆ ಹೊರಗೂ ಏನಾದರೊಂದು ತೋರಿಸಿಯೇ ತೋರಿಸುತ್ತದೆ ಎನ್ನುವುದಕ್ಕೆ ನಾನು ಸಾಕ್ಷಿ.

ಒಂದು ಭಾನುವಾರ ಮಧ್ಯಾಹ್ನ ಭಾವನ ಹೊಲದಲ್ಲಿ ಬೇಲಿ ಸರಿಸುವ ಹೊತ್ತು. ಮುಂದಿನ ತುಂಡಿನ ಹುಲ್ಲು ಮೊಳಕಾಲುದ್ದ ಬಂದು ಸರದಿಗೆ ಸಿದ್ಧವಾಗಿತ್ತು. ಸಿದ್ದಣ್ಣ ಗೂಟ ಹೊಡೆಯಲು ಹೋದವನು ಗಕ್ಕನೆ ನಿಂತು ಕೈ ಎತ್ತಿದ. ನಾವು ಮೆಲ್ಲಗೆ ಹೋಗಿ ಬಗ್ಗಿ ನೋಡಿದೆವು. ಹುಲ್ಲಿನ ಬುಡದಲ್ಲಿ ಗೌಜಲಹಕ್ಕಿಯೊಂದು ಕಾವು ಕೂತಿತ್ತು. ಮಣ್ಣಿನದೇ ಬಣ್ಣ, ಕಣ್ಣು ಮಾತ್ರ ಹೊಳೆಯುತ್ತಿತ್ತು. ನಮ್ಮನ್ನು ನೋಡಿಯೂ ಏಳಲಿಲ್ಲ. ಆ ಹಕ್ಕಿಯ ಕೂಗನ್ನು ಈ ಕಡೆ ಕೇಳಿ ಎಷ್ಟು ಕಾಲವಾಗಿತ್ತೋ ಭಾವನಿಗೇ ನೆನಪಿರಲಿಲ್ಲ.

“ಈ ತುಂಡು ಬ್ಯಾಡ ಬುಡಿ ಈಗ” ಎಂದ ಸಿದ್ದಣ್ಣ. ಪತ್ರಿಕೆಯ ಪ್ರಕಾರ ಅಂದು ಅಲ್ಲಿ ಮೇಯಿಸಲೇಬೇಕಿತ್ತು. ನಾನು ಆ ಮಾತನ್ನು ನುಂಗಿಕೊಂಡೆ. ಜಯಮ್ಮ ಸದ್ದಿಲ್ಲದೆ ಕುರಿಗಳನ್ನು ಬೇರೆ ಕಡೆ ತಿರುಗಿಸಿದಳು. ಭಾವ ಮಾತ್ರ ಸ್ವಲ್ಪ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಹಕ್ಕಿಯನ್ನೇ ನೋಡುತ್ತ ಮೈಮರೆತರು.

ಅಷ್ಟರಲ್ಲಿ ಅವರ ಜೇಬಿನಲ್ಲಿದ್ದ ಹೊಸ ಮೊಬೈಲು ಹೊಡೆದುಕೊಂಡಿತು. ಗಾಬರಿಯಿಂದ ಅದನ್ನು ಟವೆಲ್ಲಿನಲ್ಲಿ ಸುತ್ತಿ ಕಿವಿಗೆ ಒತ್ತಿಕೊಂಡರು. ಗೋಡೌನಿನವರು, ಹೊಲದ ವಿಷಯ ಇನ್ನೊಮ್ಮೆ ಮಾತಾಡೋಣ, ಈಗಲೇ ಕಾರು ತೆಗೆದುಕೊಂಡು ಬರುತ್ತೇವೆ ಅಂದರಂತೆ. ಭಾವ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು:

“ಬ್ಯಾಡಿ ಸಾ, ಈಗ ಬರ್ಬ್ಯಾಡಿ. ಮನೇಲಿ ಬಾಣಂತನ ನಡೀತೈತೆ.”

ಆ ಕಡೆಯವರು ಅಭಿನಂದನೆ ಹೇಳಿರಬೇಕು. ಭಾವ ನಾಚಿಕೊಂಡು, “ಥ್ಯಾಂಕ್ಸ್ ಸಾ” ಎಂದು ಫೋನ್ ಇಟ್ಟರು.